ಚಿತ್ರದ ಕಾರ್ಡುಗಳನ್ನು ಅಚ್ಚಿಗೆ ಕೊಡುವ ಮೊದಲು

ಮಾನ್ಯ ಸಂಪಾದಕರೇ,

ಯಕ್ಷಗಾನದ ವೇಷ, ಬೊಂಬೆಯಾಟದ ಬೊಂಬೆ, ಬೇಕಲ ಕೋಟೆ, ಗುಡ್ಡ ಕೊರೆದು ನೀರು ತರುವ ಸುರಂಗ, ಅಡಕೆ ತೋಟದ ಹಕ್ಕಿ – ಹೀಗೆ ತಾವೇ ಬಿಡಿಸಿದ ಚಿತ್ರಗಳನ್ನು ಟ್ರೇಡಿಂಗ್ ಕಾರ್ಡುಗಳ ಕಟ್ಟಾಗಿ ಅಚ್ಚು ಹಾಕಿಸಬೇಕೆಂಬ ಆಸೆ ಕಾಸರಗೋಡಿನ ಯಾವ ಚಿತ್ರಕಾರರಿಗೆ ಇದ್ದರೂ ಅದು ಬಹಳ ಒಳ್ಳೆಯ ಆಸೆ. ಗೋಡೆಗೆ ತೂಗುವ ಚಿತ್ರ ಕೊಳ್ಳಲಾಗದವರೂ ಕಿಸೆಗೆ ಹಿಡಿಯುವ ಒಂದು ಕಟ್ಟು ಚಿತ್ರಗಳನ್ನು ಮನೆಗೆ ಒಯ್ಯಬಹುದು, ಮಕ್ಕಳು ತಮ್ಮಲ್ಲಿ ಅದಲುಬದಲು ಮಾಡಿಕೊಳ್ಳಬಹುದು. ಆದರೆ ನಮ್ಮ ಕಡೆಯ ಪ್ರೆಸ್ಸುಗಳಿಗೆ ಕೈ ಪಳಗಿರುವುದು ಮದುವೆ ಕಾಗದ, ರಶೀದಿ ಪುಸ್ತಕ, ವಿಸಿಟಿಂಗ್ ಕಾರ್ಡುಗಳಲ್ಲಿ. ಅದೇ ಕೈಯಲ್ಲಿ ಈ ಕೆಲಸವನ್ನೂ ಮಾಡಿಸಿದರೆ ಅಂಚು ಓರೆಯಾಗುತ್ತದೆ, ಕೃಷ್ಣನ ನೀಲಿ ನೇರಳೆಯಾಗುತ್ತದೆ, ಲಕ್ಷ್ಮಣನ ಹೆಸರಿನ ಒತ್ತಕ್ಷರ ಒಡೆದುಹೋಗುತ್ತದೆ. ತಪ್ಪು ಪ್ರೆಸ್ಸಿನವರದಲ್ಲ. ಬೇಕಾದ ಲೆಕ್ಕವನ್ನು ಚಿತ್ರಕಾರರೇ ಮೊದಲು ಹಾಕಿ ಕೊಟ್ಟಿರುವುದಿಲ್ಲ. ಆ ಲೆಕ್ಕ ಏನೆಂದು ತಿಳಿಸಲು ಈ ಪತ್ರ.

ಮೊದಲು ಅಳತೆ. ಟ್ರೇಡಿಂಗ್ ಕಾರ್ಡಿನ ರೂಢಿಯ ಗಾತ್ರ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರ. ಮಿಲಿಮೀಟರಿನಲ್ಲಿ 63.5ಕ್ಕೆ 88.9. ಜೂರಿಕ್ ನಗರದಲ್ಲಿ 1997ರಲ್ಲಿ ಕಲಾವಿದ ವಾಂಚಿ ಸ್ಟಿರ್ನೆಮನ್ ಆರಂಭಿಸಿದ, ಕಲಾವಿದರು ಕೈಯಲ್ಲೇ ಬರೆದು ಪರಸ್ಪರ ಬದಲಾಯಿಸಿಕೊಳ್ಳುವ ಕಾರ್ಡುಗಳಿಗೂ ಇದೇ ಗಾತ್ರ. ಪ್ಲಾಸ್ಟಿಕ್ ಕವರ್, ಆಲ್ಬಮ್ಮಿನ ಒಂಬತ್ತು ಕಿಸೆಯ ಹಾಳೆ ಎಲ್ಲವೂ ಈ ಗಾತ್ರಕ್ಕೇ ಸಿಗುವುದರಿಂದ ಬೇರೆ ಗಾತ್ರದ ಯೋಚನೆ ಬೇಡ. ವಿಸಿಟಿಂಗ್ ಕಾರ್ಡಿನ ಉದ್ದವೂ ಮೂರೂವರೆ ಇಂಚೇ, ಅಗಲ ಮಾತ್ರ ಎರಡು ಇಂಚು. ಹಾಗಾಗಿ ಡಿಟಿಪಿ ಮಾಡುವವರು ರೂಢಿಯಂತೆ ವಿಸಿಟಿಂಗ್ ಕಾರ್ಡಿನ ಚೌಕಟ್ಟಿಗೇ ಚಿತ್ರವನ್ನು ಕೂರಿಸಿಬಿಡುವುದುಂಟು. ಆಗ ವೇಷದ ಮುಖ ಸಪೂರವಾಗುತ್ತದೆ, ಇಲ್ಲವೇ ಕಿರೀಟದ ತುದಿ ಕತ್ತರಿಗೆ ಹೋಗುತ್ತದೆ.

ಕತ್ತರಿಸುವ ಗೆರೆಯಿಂದ ಹೊರಕ್ಕೆ ನಾಲ್ಕೂ ಬದಿಯಲ್ಲಿ ಇಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 3 ಮಿ.ಮೀ. ಬಣ್ಣ ಹರಿದಿರಬೇಕು. ಪ್ರೆಸ್ಸಿನ ಭಾಷೆಯಲ್ಲಿ ಇದು ಬ್ಲೀಡ್. ಒಳಕ್ಕೂ ಅಷ್ಟೇ ಜಾಗವನ್ನು ಅಕ್ಷರವಿಲ್ಲದೆ ಬಿಡಬೇಕು. ಬ್ಲೀಡ್ ಸೇರಿದ ಅಳತೆ 2.75ಕ್ಕೆ 3.75 ಇಂಚು. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 825ಕ್ಕೆ 1125 ಪಿಕ್ಸೆಲ್. ಇದಕ್ಕಿಂತ ಚಿಕ್ಕ ಫೈಲನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಕೊಟ್ಟರೆ ಕಣ್ಣಿನ ಗೆರೆಗಳು ಮಸುಕಾಗುತ್ತವೆ. ವಾಟ್ಸ್ಯಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಹಿಂಡಿಯೇ ಕಳಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಅಥವಾ ಪೆನ್‌ಡ್ರೈವ್ ಹಿಡಿದು ನೇರ ಹೋಗಿ.

ಮೂಲ ಚಿತ್ರವನ್ನು ಎಷ್ಟು ದೊಡ್ಡದಾಗಿ ಬರೆಯಬೇಕು? ಯಕ್ಷಗಾನ ಬರೆಯುವವರು ಇದನ್ನು ವಿಶೇಷವಾಗಿ ಯೋಚಿಸಬೇಕು. ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ, ಬಣ್ಣದ ವೇಷದ (ರಾಕ್ಷಸ ಪಾತ್ರಗಳ) ಚುಟ್ಟಿ ಎಂದರೆ ಮುಖದ ತುಂಬ ಬಿಳಿಯ ಸಣ್ಣ ಮುಳ್ಳುಗಳು. ಎ3 ಹಾಳೆಯಲ್ಲಿ ಅರ್ಧ ಮಿಲಿಮೀಟರ್ ಪೆನ್ನಿನಲ್ಲಿ ಬಿಡಿಸಿದ ಮುಳ್ಳು ಕಾರ್ಡಿಗೆ ಇಳಿಯುವಾಗ ಸುಮಾರು ಐದನೇ ಒಂದು ಪಾಲಿಗೆ ಕುಗ್ಗಿ ಮಿಲಿಮೀಟರಿನ ಹತ್ತನೇ ಒಂದು ಭಾಗವಾಗುತ್ತದೆ. ಅಚ್ಚಿನ ನಾಲ್ಕು ಬಣ್ಣಗಳು ಒಂದರ ಮೇಲೊಂದು ಕೂರುವಾಗ ಕೂದಲೆಳೆಯಷ್ಟು ಜಾರಿದರೂ ಅಂಥ ಗೆರೆ ಮುಚ್ಚಿಹೋಗುತ್ತದೆ. ಆದ್ದರಿಂದ ಕಾರ್ಡಿಗೆಂದೇ ಬರೆಯುವ ಚಿತ್ರವನ್ನು ಎರಡು ಪಟ್ಟು ಗಾತ್ರದಲ್ಲಿ, ಬ್ಲೀಡ್ ಸೇರಿ 5.5ಕ್ಕೆ 7.5 ಇಂಚಿನ ಚೌಕಟ್ಟಿನಲ್ಲಿ ಬರೆಯುವುದು ಸರಿಯಾದ ದಾರಿ. ಆಗ ಅರ್ಧ ಮಿಲಿಮೀಟರ್ ಗೆರೆ ಕಾಲು ಮಿಲಿಮೀಟರ್ ಆಗಿ ಉಳಿಯುತ್ತದೆ, ಚೊಕ್ಕವಾಗಿ ಅಚ್ಚಾಗುತ್ತದೆ. ಮೂರು ಪಟ್ಟು ಬೇಕೆನ್ನುವವರಿಗೆ 8.25ಕ್ಕೆ 11.25 ಇಂಚು ಬರುತ್ತದೆ. ಅದು ಎ4 ಹಾಳೆಯೊಳಗೆ ಅಗಲದಲ್ಲಿ ಕೂದಲಷ್ಟು ಜಾಗ ಉಳಿಸಿ ಹಿಡಿಯುತ್ತದೆ. ಈಗಾಗಲೇ ಎ4ರ ಅಂಚಿನವರೆಗೂ ಬರೆದು ಮುಗಿಸಿದ ಚಿತ್ರದಲ್ಲಿ ತೊಡಕಿದೆ. ಎ4ರ ಅನುಪಾತ ಕತ್ತರಿಸಿದ ಕಾರ್ಡಿಗೆ ಹೆಚ್ಚುಕಡಿಮೆ ಸರಿಹೊಂದುತ್ತದೆ, ಆದರೆ ಬ್ಲೀಡಿಗೆ ಬಣ್ಣ ಉಳಿಯುವುದಿಲ್ಲ. ಅಂಥ ಚಿತ್ರಕ್ಕೆ ಸುತ್ತಲೂ 4 ಮಿ.ಮೀ. ಅಗಲದ ಒಂದೇ ಬಣ್ಣದ ಪಟ್ಟಿ ಕಟ್ಟುವುದು ಒಳಿತು. ಪಟ್ಟಿ 2 ಮಿ.ಮೀ.ಗಿಂತ ತೆಳುವಾದರೆ ಕತ್ತರಿ ಅರ್ಧ ಮಿಲಿಮೀಟರ್ ಜಾರಿದ್ದೂ ಎದ್ದು ಕಾಣುತ್ತದೆ.

ಇನ್ನು ಹಾಳೆಯ ಲೆಕ್ಕ. ಇಡೀ ಕೆಲಸದ ಬುಡ ಇದೇ. ಡಿಜಿಟಲ್ ಪ್ರೆಸ್ಸಿನಲ್ಲಿ ಸಾಮಾನ್ಯವಾಗಿ ಬಳಸುವ 12ಕ್ಕೆ 18 ಇಂಚಿನ ಹಾಳೆಯಲ್ಲಿ ಕಾರ್ಡುಗಳನ್ನು ಉದ್ದಕ್ಕೆ ಆರು, ಅಡ್ಡಕ್ಕೆ ಮೂರು ಸಾಲಾಗಿ ಜೋಡಿಸಿದರೆ 18 ಹಿಡಿಯುತ್ತವೆ. ಆರು ಕಾರ್ಡಿಗೆ 16.5 ಇಂಚು, ಮೂರು ಸಾಲಿಗೆ 11.25 ಇಂಚು. ಉಳಿದ ಅಂಚು ಕತ್ತರಿ ಗುರುತಿಗೂ ಯಂತ್ರ ಹಾಳೆ ಹಿಡಿಯುವ ಜಾಗಕ್ಕೂ ಸಾಕು. ಆದ್ದರಿಂದ ಕಟ್ಟಿನಲ್ಲಿ ಎಷ್ಟು ಕಾರ್ಡು ಎಂಬುದನ್ನು 18ರ ಮಗ್ಗಿಯಲ್ಲೇ ತೀರ್ಮಾನಿಸಬೇಕು: 18, 36, 54. ಒಬ್ಬರು 20 ಚಿತ್ರ ಬರೆದರೆ ಎರಡನೇ ಹಾಳೆಯಲ್ಲಿ ಎರಡು ಕಾರ್ಡಿಗಾಗಿ ಹದಿನಾರರ ಜಾಗ ಹಾಳು. ಕೆಲವು ಕಾರ್ಡುಗಳನ್ನು ಅಡ್ಡ ತಿರುಗಿಸಿ ಮೊದಲ ಹಾಳೆಗೇ ಹೆಚ್ಚು ತುರುಕಲು ನೋಡುವುದೂ ತಪ್ಪು. ಕಾಗದಕ್ಕೆ ನಾರಿನ ದಿಕ್ಕು ಇದೆ. ತೇವ ಹೀರಿದಾಗ ಅದು ಆ ದಿಕ್ಕಿಗೆ ತಕ್ಕಂತೆ ಬಾಗುತ್ತದೆ. ಅಡ್ಡ ತಿರುಗಿಸಿದ ಕಾರ್ಡು ಉಳಿದವು ಬಾಗುವ ಕಡೆ ಬಿಟ್ಟು ಬೇರೆ ಕಡೆಗೆ ಬಾಗಿ ಕಟ್ಟನ್ನೇ ಎತ್ತಿಹಿಡಿಯುತ್ತದೆ. ಹೊಸಬರಿಗೆ ನನ್ನ ಸಲಹೆ 18ರ ಕಟ್ಟು: 16 ಚಿತ್ರ, ಒಂದು ಶೀರ್ಷಿಕೆಯ ಕಾರ್ಡು, ಎಲ್ಲ ಚಿತ್ರಗಳ ಹೆಸರು ಮತ್ತು ಸಂಖ್ಯೆ ಇರುವ ಒಂದು ಪಟ್ಟಿ ಕಾರ್ಡು. ಪಟ್ಟಿ ಕಾರ್ಡನ್ನು ಬಿಡಬಾರದು. ಏನು ಸಿಕ್ಕಿದೆ, ಏನು ಸಿಗಬೇಕು ಎಂದು ಸಂಗ್ರಹಿಸುವವರಿಗೆ ತಿಳಿಯುವುದು ಅದರಿಂದಲೇ.

ಹಿಂಬದಿಯ ಜೋಡಣೆಯಲ್ಲಿ ಎಡವುವವರು ಬಹಳ. ಹಾಳೆಯನ್ನು ಪುಸ್ತಕದ ಪುಟದಂತೆ ಬದಿಗೆ ಮಗುಚಿದಾಗ ಎಡದ್ದು ಬಲಕ್ಕೆ ಬರುತ್ತದೆ. ಮುಂಬದಿಯಲ್ಲಿ ಎಡದಿಂದ 1, 2, 3 ಎಂದಿದ್ದರೆ ಹಿಂಬದಿಯಲ್ಲಿ ಅದೇ ಸಾಲು 6, 5, 4 ಎಂದು ಎಡದಿಂದ ಶುರುವಾಗಬೇಕು. ಯಂತ್ರ ತಲೆಕೆಳಗಾಗಿ ಮಗುಚುವುದಾದರೆ ಲೆಕ್ಕ ಬೇರೆ. ಪ್ರೆಸ್ಸಿಗೆ ಹೋಗುವ ಮುಂಚೆ ಮನೆಯಲ್ಲೇ ಖಾಲಿ ಹಾಳೆಯ ಎರಡೂ ಬದಿ ಪೆನ್ಸಿಲಿನಲ್ಲಿ ಸಂಖ್ಯೆ ಬರೆದು, ಪ್ರತಿ ಚೌಕದ ನಡುವೆ ಗುಂಡುಸೂಜಿ ಚುಚ್ಚಿ ನೋಡಿ. 7ರಲ್ಲಿ ಚುಚ್ಚಿದ್ದು 7ರಲ್ಲೇ ಹೊರಬರಬೇಕು. ಈ ಐದು ನಿಮಿಷದ ಕೆಲಸ ತಪ್ಪಿದರೆ ಭೀಮನ ಬೆನ್ನಿಗೆ ದ್ರೌಪದಿಯ ವಿವರ ಅಚ್ಚಾಗಿ ಇಡೀ ಹಾಳೆ ರದ್ದಿಗೆ ಹೋಗುತ್ತದೆ. ಮುಂಬದಿ ಹಿಂಬದಿಗಳ ನಡುವೆ ಡಿಜಿಟಲ್ ಯಂತ್ರದಲ್ಲಿ ಒಂದು ಮಿಲಿಮೀಟರ್ ಆಚೀಚೆ ಆಗುವುದು ಸಹಜ. ಅದಕ್ಕೇ ಹಿಂಬದಿಗೆ ತೆಳ್ಳನೆಯ ಚೌಕಟ್ಟು ಹಾಕಲೇಬೇಡಿ.

ಬಣ್ಣದ ವಿಷಯ. ಮೊಬೈಲಿನ ಪರದೆ ಬೆಳಕಿನಿಂದ ಬಣ್ಣ ಕೊಡುತ್ತದೆ, ಕಾಗದ ಶಾಯಿಯಿಂದ. ಪರದೆಯ ಮಿಂಚುವ ಎಲೆಹಸಿರು, ಚೆಂಡುಮಲ್ಲಿಗೆಯ ಕಿತ್ತಳೆ ಶಾಯಿಯಲ್ಲಿ ಒಂದು ಮೆಟ್ಟಿಲು ಇಳಿಯುತ್ತವೆ. ಇದನ್ನು ತಪ್ಪಿಸಲಾಗದು, ಆದರೆ ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ಗುಲಾಬಿ ಕೆಂಪು, ಹಳದಿ, ಕಪ್ಪು – ಈ ನಾಲ್ಕು ಶಾಯಿಗಳ ಶೇಕಡಾ ಲೆಕ್ಕವಾದ ಸಿಎಂವೈಕೆಗೆ ಮೊದಲೇ ಬದಲಾಯಿಸಿ ನೋಡಿಕೊಂಡರೆ ಆಘಾತವಾಗದು. ನೀಲಿಗೆ ಸಯಾನ್ 100, ಮೆಜೆಂಟಾ 100 ಇಟ್ಟರೆ ಅಚ್ಚಿನಲ್ಲಿ ಬರುವುದು ನೇರಳೆ. ಮೆಜೆಂಟಾವನ್ನು ಸಯಾನಿಗಿಂತ 30 ಅಂಶವಾದರೂ ಕೆಳಗಿಟ್ಟರೆ ಮಾತ್ರ ಕೃಷ್ಣ ಕೃಷ್ಣನಾಗಿ ಉಳಿಯುತ್ತಾನೆ. ಕುಂಕುಮದ ಕೆಂಪಿಗೆ ಮೆಜೆಂಟಾ 100, ಹಳದಿ 100 ಸಾಕು. ಅದಕ್ಕೆ ಸಯಾನ್ ಬೆರೆತಷ್ಟೂ ಕೆಂಪು ಕಂದುತ್ತದೆ. ಅಡಕೆ ಮರದ ಹಸಿರಿಗೆ ಸಯಾನ್ 70, ಹಳದಿ 100 ಇಟ್ಟು ಮೆಜೆಂಟಾವನ್ನು ಬಹಳ ಕಡಿಮೆ ಮಾಡಿ. ಕಪ್ಪು ಹಿನ್ನೆಲೆ ಬೇಕಾದರೆ ಬರಿಯ ಕಪ್ಪು ಬೂದಿಯಂತೆ ಕಾಣುತ್ತದೆ: ಸಯಾನ್ 60, ಮೆಜೆಂಟಾ 40, ಹಳದಿ 40, ಕಪ್ಪು 100 ಕೊಟ್ಟರೆ ರಾತ್ರಿಯ ಕಪ್ಪು ಸಿಗುತ್ತದೆ. ನಾಲ್ಕೂ ಸೇರಿ 300 ಮೀರಬಾರದು. ಆದರೆ ಅಕ್ಷರಗಳಿಗೆ ಈ ನಾಲ್ಕು ಬಣ್ಣದ ಕಪ್ಪನ್ನು ಹಾಕಬೇಡಿ. ಬರಿಯ ಕಪ್ಪು 100 ಮಾತ್ರ. ಇಲ್ಲವಾದರೆ ಅಕ್ಷರದ ಅಂಚಿನಲ್ಲಿ ಕೆಂಪು ನೀಲಿ ನೆರಳು ಕಾಣುತ್ತದೆ. ಕಿರೀಟದ ಚಿನ್ನದ ಬಣ್ಣ ನಾಲ್ಕು ಶಾಯಿಯಲ್ಲಿ ಸಾಸಿವೆಯ ಬಣ್ಣವಾಗಿಯೇ ಬರುತ್ತದೆ. ನಿಜವಾದ ಹೊಳಪು ಬೇಕೆಂದರೆ ಫಾಯಿಲ್ ಎಂಬ ಲೋಹದ ಹೊಳಪಿನ ತೆಳು ಹಾಳೆ ಒತ್ತಿಸಬೇಕು, ಅದಕ್ಕೆ ಬೇರೆಯೇ ಅಚ್ಚು ಬೇಕು. ಶೀರ್ಷಿಕೆಯ ಒಂದೇ ಕಾರ್ಡಿಗೆ ಅದನ್ನು ಮಾಡಿಸಿದರೆ ಅಂದ, ಖರ್ಚೂ ಹಿಡಿತದಲ್ಲಿ.

ಈಗ ಕನ್ನಡ ಅಕ್ಷರದ ಮಾತು. ಗಡಿನಾಡಿನ ನಮಗೆ ಇದು ಬರಿಯ ತಾಂತ್ರಿಕ ವಿಷಯವಲ್ಲ. ಇಲ್ಲಿ ಫೈಲ್ ಜೋಡಿಸುವವರು ಮಲಯಾಳಂ ಮಾತ್ರ ಓದಬಲ್ಲವರಾಗಿರಬಹುದು. ಒತ್ತಕ್ಷರ ಕಳಚಿ ಬಿದ್ದರೂ ಅವರ ಕಣ್ಣಿಗೆ ಅದು ತಪ್ಪೆಂದು ಕಾಣದು, ಕಾಣಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಮೊಬೈಲಿನಲ್ಲಿ ಯೂನಿಕೋಡಿನಲ್ಲಿ ಬರೆದ ಸಾಲುಗಳನ್ನು ಹಳೆಯ ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ತಂತ್ರಾಂಶಕ್ಕೆ ಅಂಟಿಸಿದರೆ ಅವು ನಿಲ್ಲುವುದೇ ಇಲ್ಲ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಕ್ಕೆ ಪರಿವರ್ತಿಸಿದಾಗ ‘ಲಕ್ಷ್ಮಣ’ದ ಮೂರು ಅಂತಸ್ತು, ‘ಸೂರ್ಯ’ದ ಅರ್ಕಾವೊತ್ತು, ‘ದುಶ್ಶಾಸನ’ದ ಒತ್ತು ಇವೇ ಮೊದಲು ಒಡೆಯುವ ಜಾಗಗಳು. ಇನ್‌ಡಿಸೈನ್ ತಂತ್ರಾಂಶದಲ್ಲಿ ಕೆಲಸ ಮಾಡಿಸುವುದಾದರೆ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಒತ್ತಿರಬೇಕು, ಇಲ್ಲವಾದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬದಿಗೆ ಬಂದು ಕೂರುತ್ತವೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಟಿರೋ ಕನ್ನಡ ಮುಂತಾದ ಅಕ್ಷರಶೈಲಿಗಳು (ಫಾಂಟುಗಳು) ಮುಕ್ತ ಪರವಾನಗಿಯವು. ಮಾರಾಟದ ಕಾರ್ಡಿಗೂ ಬಳಸಬಹುದು.

ಹಿಂಬದಿಯ ಬರಹಕ್ಕೆ 8 ಪಾಯಿಂಟಿಗಿಂತ ಚಿಕ್ಕ ಅಕ್ಷರ ಬೇಡ. ಸಾಲಿನಿಂದ ಸಾಲಿಗೆ 12 ಪಾಯಿಂಟ್ ಅಂತರ ಬೇಕು, ಇಂಗ್ಲಿಷಿಗೆ ಸಾಕಾಗುವ 10 ಪಾಯಿಂಟ್ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಈ ಅಳತೆಯಲ್ಲಿ ಹೆಸರು, ಸಂಖ್ಯೆ, ಚಿತ್ರಕಾರರ ಸಹಿ ಬಿಟ್ಟು ಉಳಿಯುವ ಜಾಗದಲ್ಲಿ 45 ಪದ ಹಿಡಿದರೆ ಹೆಚ್ಚು. ಮಲಯಾಳಂ ಓದುಗರಿಗೂ ತಲುಪಬೇಕೆಂದು ಎರಡೂ ಭಾಷೆಯಲ್ಲಿ ಹಾಕುವವರು ತಲಾ 20 ಪದಕ್ಕೆ ಇಳಿಸಬೇಕು. ಅದು ಒಳ್ಳೆಯ ಯೋಚನೆಯೇ, ಆದರೆ ಕನ್ನಡವನ್ನು 6 ಪಾಯಿಂಟಿಗೆ ಕುಗ್ಗಿಸಿ ಮಾಡುವ ಸೌಜನ್ಯ ಬೇಡ. ಫೈಲ್ ಮುಗಿದ ಮೇಲೆ ಅಕ್ಷರಗಳನ್ನೆಲ್ಲ ಗೆರೆಗಳಾಗಿ (ಔಟ್‌ಲೈನ್) ಬದಲಾಯಿಸಿದ ಪಿಡಿಎಫ್ ಮಾಡಿಸಿ, ಕನ್ನಡ ಬಲ್ಲ ಇಬ್ಬರು ಆ ಪಿಡಿಎಫನ್ನೇ ಓದಬೇಕು. ಮೂಲ ವರ್ಡ್ ಫೈಲನ್ನು ಓದಿ ಸರಿಯಿದೆ ಎಂದರೆ ಪ್ರಯೋಜನವಿಲ್ಲ, ತಪ್ಪು ಹುಟ್ಟುವುದು ಅದರ ನಂತರವೇ.

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಆರ್ಟ್ ಕಾರ್ಡ್ ಸಾಕು. ಅದಕ್ಕೆ ಎರಡೂ ಬದಿ ಮ್ಯಾಟ್ (ಹೊಳಪಿಲ್ಲದ) ಲ್ಯಾಮಿನೇಶನ್. ದುಡ್ಡು ಉಳಿಸಲು ಮುಂಬದಿಗೆ ಮಾತ್ರ ಹಾಕಿಸಿದರೆ ನಮ್ಮ ಮಳೆಗಾಲದಲ್ಲಿ ಹಿಂಬದಿಯ ಕಾಗದ ತೇವ ಕುಡಿದು ಹಿಗ್ಗುತ್ತದೆ, ಮುಂಬದಿಯ ಪ್ಲಾಸ್ಟಿಕ್ ಹಿಗ್ಗುವುದಿಲ್ಲ. ಕಾರ್ಡು ಹಪ್ಪಳದಂತೆ ಮುಂದಕ್ಕೆ ಬಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಅನಿವಾರ್ಯವಾದರೆ ಅಚ್ಚಾದ ಹಾಳೆಗಳನ್ನು ತೆರೆದಿಡದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಗ್ಲಾಸಿ (ಹೊಳಪಿನ) ಲ್ಯಾಮಿನೇಶನ್ನಿನಲ್ಲಿ ಬಣ್ಣ ಹೆಚ್ಚು ಎದ್ದು ಕಾಣುತ್ತದೆಯಾದರೂ ಬೆರಳಚ್ಚು ಕೂರುತ್ತದೆ, ಟ್ಯೂಬ್‌ಲೈಟಿನ ಕೆಳಗೆ ಚುಟ್ಟಿಯ ಬಿಳಿ ಕಣ್ಣು ಕೋರೈಸುತ್ತದೆ. ಟೋನರ್, ಅಂದರೆ ಪುಡಿ ಶಾಯಿ, ಬಳಸುವ ಡಿಜಿಟಲ್ ಯಂತ್ರದ ಅಚ್ಚಿನ ಮೇಲೆ ಎಣ್ಣೆಯ ಪಸೆ ಇರಬಹುದು. ಮಾಮೂಲಿ ಫಿಲ್ಮ್ ಅದಕ್ಕೆ ಸರಿಯಾಗಿ ಅಂಟದೆ ಗಾಢ ಬಣ್ಣದ ಜಾಗದಲ್ಲಿ ಬೆಳ್ಳಿಯಂಥ ಸಣ್ಣ ಗುಳ್ಳೆಗಳು ಏಳುತ್ತವೆ. ಡಿಜಿಟಲ್ ಅಚ್ಚಿಗೆಂದೇ ಬರುವ ಹೆಚ್ಚು ಅಂಟಿನ ಫಿಲ್ಮ್ ಕೇಳಿ. ಒಂದು ಹಾಳೆಗೆ ಹಾಕಿಸಿ, ಮರುದಿನ ಬ್ಲೇಡಿನಿಂದ ಅಡ್ಡಗೆರೆ ಎಳೆದು ಟೇಪ್ ಅಂಟಿಸಿ ಕಿತ್ತು ನೋಡಿ. ಫಿಲ್ಮ್ ಎದ್ದು ಬಂದರೆ ಉಳಿದದ್ದಕ್ಕೆ ಹಾಕಿಸಬೇಡಿ.

ಪೂರ್ತಿ ಮುದ್ರಣಕ್ಕೆ ಮುನ್ನ ಅದೇ ಯಂತ್ರದಲ್ಲಿ, ಅದೇ ಕಾಗದದಲ್ಲಿ ಒಂದು ಹಾಳೆ ತೆಗೆಸಿ ಕತ್ತರಿಸಿ ಹಗಲು ಬೆಳಕಿನಲ್ಲಿ ನೋಡಲೇಬೇಕು.

ಕತ್ತರಿಸುವಾಗ ಒಂದು ಸಲಕ್ಕೆ 50 ಹಾಳೆಗಿಂತ ಹೆಚ್ಚು ಇಡಿಸಬೇಡಿ. ಅಟ್ಟಿ ದಪ್ಪವಾದಷ್ಟೂ ಅಲಗು ಒಳಕ್ಕೆ ಇಳಿಯುತ್ತ ಓರೆಯಾಗಿ ಮೇಲಿನ ಕಾರ್ಡಿಗೂ ಕೆಳಗಿನ ಕಾರ್ಡಿಗೂ ಅರ್ಧ ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಎರಡು ಕಾರ್ಡುಗಳ ನಡುವೆ ಎರಡೂ ಕಡೆಯ ಬ್ಲೀಡ್ ಸೇರಿ ಕಾಲು ಇಂಚು ಇರುವುದರಿಂದ ಅಲ್ಲಿ ಎರಡು ಬಾರಿ ಕತ್ತರಿಸಬೇಕು. ಮದುವೆ ಕಾಗದದ ರೂಢಿಯಲ್ಲಿ ನಡುವೆ ಒಂದೇ ಏಟು ಹಾಕಿದರೆ ಕಾರ್ಡು ದೊಡ್ಡದಾಗಿಯೇ ಉಳಿದು ಕವರಿಗೆ ಇಳಿಯದು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಹಾಳೆಯ ಮೇಲೆಯೇ ಗುರುತು ಹಾಕಿ ಕೊಡಿ. ಮೂಲೆಗಳಿಗೆ 3 ಮಿ.ಮೀ. ತ್ರಿಜ್ಯದ ಕಾರ್ನರ್ ಕಟರ್ ಸಾಕು. ಅಲಗು ಮೊಂಡಾಗಿದ್ದರೆ ಮೂಲೆಯಲ್ಲಿ ಲ್ಯಾಮಿನೇಶನ್ ಏಳುತ್ತದೆ, ಮಕ್ಕಳು ಅಲ್ಲಿಂದಲೇ ಸುಲಿಯಲು ಶುರುಮಾಡುತ್ತಾರೆ.

100 ಕಟ್ಟು ಬೇಕಿದ್ದರೆ 110 ಹಾಳೆ ಅಚ್ಚು ಮಾಡಿಸಿ. ಕತ್ತರಿಸಿದ ಮೇಲೆ ಒಂದೊಂದು ಸಂಖ್ಯೆಯದ್ದು ಒಂದೊಂದು ರಾಶಿಯಾಗಿ 18 ರಾಶಿ ಸಿಗುತ್ತದೆ. ಉದ್ದದ ಮೇಜಿನ ಮೇಲೆ ಸಾಲಾಗಿಟ್ಟು ಒಂದೊಂದು ಎತ್ತುತ್ತ ನಡೆದರೆ ಒಂದು ಕಟ್ಟು. ಲ್ಯಾಮಿನೇಟ್ ಆದ ಒಂದು ಕಾರ್ಡು ಸುಮಾರು 1.9 ಗ್ರಾಂ, 18ಕ್ಕೆ ಸುಮಾರು 34 ಗ್ರಾಂ. ಚಿನ್ನದಂಗಡಿಯಲ್ಲಿ ಬಳಸುವಂಥ ಸಣ್ಣ ತಕ್ಕಡಿಯಲ್ಲಿ ತೂಗಿದರೆ ಒಂದು ಕಡಿಮೆಯಾದದ್ದು ತಿಳಿಯುತ್ತದೆ. ಆದರೆ 9 ಎರಡು ಸಲ ಬಂದು 10 ಬಿಟ್ಟುಹೋಗಿದ್ದರೆ ತೂಕ ಹೇಳದು. ಅದಕ್ಕೆ ಪುಸ್ತಕ ಕಟ್ಟುವವರ ಉಪಾಯವಿದೆ: ಹಿಂಬದಿಯ ಉದ್ದದ ಅಂಚಿಗೆ ಹೊಂದಿಕೊಂಡು 4 ಮಿ.ಮೀ.ನ ಒಂದು ಸಣ್ಣ ಕಪ್ಪು ಪಟ್ಟಿಯನ್ನು ಪ್ರತಿ ಕಾರ್ಡಿನಲ್ಲೂ ಒಂದು ಮೆಟ್ಟಿಲು ಕೆಳಗೆ ಹಾಕುತ್ತ ಹೋಗುವುದು. ಜೋಡಿಸಿದ ಕಟ್ಟಿನ ಅಂಚನ್ನು ನೋಡಿದರೆ ಮೆಟ್ಟಿಲಿನಂತೆ ಇಳಿದ ಗುರುತು ಕಾಣಬೇಕು. ಎಲ್ಲಿ ಮೆಟ್ಟಿಲು ತಪ್ಪಿದೆಯೋ ಅಲ್ಲಿ ಕಾರ್ಡು ತಪ್ಪಿದೆ.

ಡಬ್ಬಿ ಮಾಡಿಸುವವರು ಕಾರ್ಡಿನ ದಪ್ಪವನ್ನು ಕಾಗದದ ವಿವರಪಟ್ಟಿ ನೋಡಿ ಊಹಿಸದೆ, ಲ್ಯಾಮಿನೇಟ್ ಆದ 18 ಕಾರ್ಡು ಒತ್ತಿಹಿಡಿದು ಅಳೆದು ಒಂದು ಮಿಲಿಮೀಟರ್ ಹೆಚ್ಚು ಕೊಡಿ. ಡಬ್ಬಿ ಇಲ್ಲದೆ ಪಾರದರ್ಶಕ ಕವರಿನಲ್ಲಿ ಕೊಟ್ಟರೂ ಚೆನ್ನ. ಮೆತ್ತನೆಯ ಪಿವಿಸಿ ಕವರ್ ಬೇಡ, ಅದರ ರಾಸಾಯನಿಕ ವರ್ಷಗಳು ಕಳೆದಂತೆ ಅಚ್ಚನ್ನು ಅಂಟಿಸಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಕೇಳಿ ತನ್ನಿ. ಕೆಲವು ಕಟ್ಟುಗಳಲ್ಲಿ ಕೈಯಲ್ಲೇ ಬರೆದ ಒಂದು ಕಾರ್ಡು ಇಡುವ ಸಂಪ್ರದಾಯವಿದೆ. ಅದಕ್ಕೆ ಮೆರುಗಿಲ್ಲದ 300 ಜಿಎಸ್‌ಎಂ ಕಾಗದ, ಪಿಗ್ಮೆಂಟ್ ಶಾಯಿ. ಸ್ಪಿರಿಟ್ ಮಾರ್ಕರ್ ಹಿಂಬದಿಗೆ ಇಳಿಯುತ್ತದೆ. 100ರಲ್ಲಿ 10 ಕಟ್ಟಿಗೆ ಇಟ್ಟರೆ ಹತ್ತರಲ್ಲಿ ಒಂದು ಎಂದು ಪಟ್ಟಿ ಕಾರ್ಡಿನಲ್ಲಿ ಸ್ಪಷ್ಟವಾಗಿ ಅಚ್ಚು ಮಾಡಿ. ಒಟ್ಟು 100 ಎಂದು ಬರೆದ ಮೇಲೆ ನೂರೊಂದನೆಯದನ್ನು ಮಾರುವುದು ಕೊಂಡವರಿಗೆ ಮಾಡುವ ಮೋಸ.

1000 ಕಟ್ಟಿನ ಬೇಡಿಕೆ ಇದ್ದವರು ಮಾತ್ರ ಆಫ್‌ಸೆಟ್ಟಿಗೆ, ಅಂದರೆ ಪ್ರತಿ ಬಣ್ಣಕ್ಕೂ ಬೇರೆ ಪ್ಲೇಟು ಮಾಡಿ ಅಚ್ಚು ಹಾಕುವ ವಿಧಾನಕ್ಕೆ, ಹೋಗಬೇಕು. 36 ಕಾರ್ಡಿನ ಕಟ್ಟಿಗೆ ಎರಡು ಹಾಳೆ, ನಾಲ್ಕು ಮುಖ, ಮುಖಕ್ಕೆ ನಾಲ್ಕು ಬಣ್ಣ ಎಂದರೆ 16 ಪ್ಲೇಟು. ಹಿಂಬದಿಯನ್ನು ಬರಿಯ ಕಪ್ಪಿನಲ್ಲಿ ಇಟ್ಟರೆ 10ಕ್ಕೆ ಇಳಿಯುತ್ತದೆ.

ತೆಯ್ಯಂ, ಭೂತಗಳ ಚಿತ್ರ ಹಾಕುವವರಲ್ಲಿ ಒಂದು ವಿನಂತಿ: ಆಯಾ ಸ್ಥಾನದವರನ್ನು, ವೇಷ ಕಟ್ಟುವ ಕಲಾವಿದರನ್ನು ಕೇಳಿಯೇ ಮುಂದುವರಿಯಿರಿ. ಅವು ನಂಬಿಕೆಯ ರೂಪಗಳು. ಬೇಡ ಎಂದರೆ ಆ ಚಿತ್ರ ಕಟ್ಟಿನಲ್ಲಿರಬಾರದು. ಬೇರೆಯವರ ಫೋಟೋ ನೋಡಿ ಬರೆದ ವೇಷಕ್ಕೂ ಫೋಟೋ ತೆಗೆದವರ ಒಪ್ಪಿಗೆ ಬೇಕು.

ಕೊನೆಯದಾಗಿ, ನೆನಪಿನ ಕಾಣಿಕೆಗೆ ಫಲಕದ ಬದಲು ಇಂಥ ಕಟ್ಟುಗಳನ್ನು ಬರೆಸಿ ಕೊಡಬಹುದಾದ ನಮ್ಮ ಕನ್ನಡ ಸಂಘಗಳಿಗೂ, ಅವರಿಂದ ದುಡ್ಡು ಪಡೆದು ಬರೆಯುವ ಚಿತ್ರಕಾರರಿಗೂ ತಿಳಿದಿರಬೇಕಾದ ಮಾತು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ, ಸಂಭಾವನೆ ಕೊಟ್ಟು ಬರೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದಾಗುತ್ತದೆ. ಹಕ್ಕು ವರ್ಗಾಯಿಸುವುದು ಲಿಖಿತವಾಗಿಯೇ ಇರಬೇಕೆಂದು 19ನೇ ಸೆಕ್ಷನ್ ಹೇಳುತ್ತದೆ. ಅದರಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಹಿಡಿಯಲಾಗುತ್ತದೆ. ಆದ್ದರಿಂದ ಮುಂಗಡ ಪಡೆಯುವ ದಿನವೇ ಒಂದು ಕಾಗದದಲ್ಲಿ ಇಷ್ಟು ಬರೆದು ಇಬ್ಬರೂ ಸಹಿ ಹಾಕಲಿ: ಚಿತ್ರಗಳ ಹೆಸರು ಮತ್ತು ಸಂಖ್ಯೆ, ಕೃತಿಸ್ವಾಮ್ಯ ಚಿತ್ರಕಾರರಲ್ಲೇ ಉಳಿಯುತ್ತದೆ ಎಂಬ ವಾಕ್ಯ, ಎಷ್ಟು ಕಟ್ಟು ಅಚ್ಚು ಹಾಕಬಹುದು, ಎಷ್ಟು ವರ್ಷದವರೆಗೆ, ಮರುಮುದ್ರಣಕ್ಕೆ ಕೊಡುವ ಮೊತ್ತ, ಪ್ರತಿ ಕಾರ್ಡಿನಲ್ಲೂ ಚಿತ್ರಕಾರರ ಹೆಸರು ಇರಬೇಕೆಂಬ ಷರತ್ತು, ಮತ್ತು ಮೂಲ ಚಿತ್ರಗಳನ್ನು ಹಿಂತಿರುಗಿಸುವ ತಾರೀಕು.

ಇಂತಿ,
ಬದಿಯಡ್ಕದ ಓದುಗ